ಮೂರನೇ ಸಲ ಜಿಮ್ ಮೆಟ್ಟಿಲು ಹತ್ತಿದಾಗ

ನಾನು ಜಿಮ್ ಸೇರಿದ್ದು ಮೂರು ಸಲ. ಮೊದಲನೇದು ಲಿಂಗಸುಗೂರಿನಲ್ಲಿ ಡಿಗ್ರಿ ಓದುವಾಗ. ಹೊಸ ವರ್ಷದ ಹುಮ್ಮಸ್ಸಿನಲ್ಲಿ ನಾಲ್ವರು ಗೆಳೆಯರು ಒಟ್ಟಿಗೇ ಸೇರಿದೆವು. ಮೊದಲ ದಿನವೇ ಎರಡು ತಾಸು ಎತ್ತಬಾರದ್ದನ್ನೆಲ್ಲ ಎತ್ತಿ, ಮರುದಿನ ತಲೆ ಬಾಚಲೂ ಕೈ ಮೇಲೇಳಲಿಲ್ಲ. ಹದಿನೈದು ದಿನಕ್ಕೆ ನಾಲ್ವರೂ ನಾಪತ್ತೆ. ಎರಡನೇ ಸಲ ಸಿಂಧನೂರಿನಲ್ಲಿ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕ ಖುಷಿಗೆ ವರ್ಷದ ಫೀಸು ಒಮ್ಮೆಗೇ ಕಟ್ಟಿದೆ. ದುಡ್ಡು ಕಟ್ಟಿದರೆ ತಪ್ಪಿಸಲು ಮನಸ್ಸು ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ಹೋಗಿದ್ದು ಹೆಚ್ಚೆಂದರೆ ಇಪ್ಪತ್ತು ದಿನ.

ಮೂರನೇ ಸಲಕ್ಕೆ ಕಾರಣ ಅಪ್ಪ. ಹೋದ ವರ್ಷ ಅಪ್ಪನ ಕಾಲಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್. ಡಾಕ್ಟರು ಚೀಟಿ ಬರೆಯುತ್ತಲೇ ನನ್ನತ್ತ ನೋಡಿ, ‘ತಂದೀಗೆ ಐತಿ ಅಂದ್ರ ನೀನೂ ಹುಷಾರಾಗಿರಬೇಕಪ್ಪ. ಹೊಟ್ಟಿ ನೋಡ್ಕೊ’ ಎಂದರು. ನನಗಿನ್ನೂ 26. ಬೆಳಿಗ್ಗೆ ಮಂಡಾಳು ಒಗ್ಗರಣಿ ಮಿರ್ಚಿ, ದಿನವಿಡೀ ಕುರ್ಚಿ, ಸಂಜೆ ಮತ್ತೆ ಮಿರ್ಚಿ. ಹೊಟ್ಟೆ ಬರದೆ ಇನ್ನೇನು?

ಈ ಸಲ ಜಿಮ್‌ನ ಅಣ್ಣ ಹೇಳಿದ್ದು ವಿಚಿತ್ರವಾಗಿತ್ತು. ‘ವಾರಕ್ಕ ಮೂರೇ ದಿನ ಬಾ. ಅರ್ಧ ತಾಸು ಸಾಕು. ತೂಕ ಬ್ಯಾಡ, ಖಾಲಿ ರಾಡ್ ಎತ್ತು.’ ಖಾಲಿ ರಾಡ್ ಎಂದರೆ 20 ಕೆ.ಜಿ. ನಮ್ಮ ಅಡತಿಯಲ್ಲಿ ಹಮಾಲರು 75 ಕೆ.ಜಿ.ಯ ಭತ್ತದ ಚೀಲ ಬೆನ್ನ ಮೇಲೆ ಹೊತ್ತು ಲಾರಿ ಏರುತ್ತಾರೆ. ನನಗೆ ಮರ್ಯಾದೆ ಹೋದಂತಾಯಿತು. ಆದರೆ ಮೈ ನೋಯಲಿಲ್ಲ. ನೋಯದಿದ್ದಕ್ಕೇ ಮತ್ತೆ ಹೋದೆ.

ಇನ್ನೊಂದು ಬದಲಾವಣೆ ಹೊತ್ತಿನದು. ಮೊದಲೆಲ್ಲ ಕೆಲಸ ಮುಗಿಸಿ ಸಂಜೆ ಹೋಗುತ್ತಿದ್ದೆ. ನಮ್ಮ ಭಾಗದ ಬೇಸಿಗೆಯಲ್ಲಿ ತಗಡಿನ ಸೂರಿನ ಜಿಮ್ ಸಂಜೆ ಹೊತ್ತು ಒಲೆಯೇ ಸರಿ. ಈಗ ಮಸ್ಕಿಯಿಂದ ಬೆಳಗಿನ ಬಸ್ ಹಿಡಿದು ಸಿಂಧನೂರಿನಲ್ಲಿ ಇಳಿದವನು ನೇರ ಜಿಮ್‌ಗೆ, ಅಲ್ಲಿಂದ ಅಂಗಡಿಗೆ. ಹೋಗಲೋ ಬೇಡವೋ ಎಂದು ಯೋಚಿಸಲು ನಡುವೆ ಪುರುಸೊತ್ತೇ ಇಲ್ಲ. ಬೂಟು ರಾತ್ರಿಯೇ ಬ್ಯಾಗು ಸೇರಿರುತ್ತದೆ.

ಭತ್ತದ ಸುಗ್ಗಿ ಬಂದಾಗ ಮಾತ್ರ ರಾತ್ರಿ ಹನ್ನೊಂದರವರೆಗೂ ಅಂಗಡಿ. ಒಂಬತ್ತು ದಿನ ಜಿಮ್ ತಪ್ಪಿತು. ಹಿಂದಿನ ನಾನಾಗಿದ್ದರೆ ‘ಎಲ್ಲ ಹಾಳಾತು’ ಎಂದು ಅಲ್ಲಿಗೇ ಬಿಡುತ್ತಿದ್ದೆ. ಅಷ್ಟರಲ್ಲಿ ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದ್ದರು. ಹೊಸ ಕೆಲಸವೊಂದು ರೂಢಿಯಾಗಲು ಸುಮಾರು 66 ದಿನ ಬೇಕಾಯಿತಂತೆ. ಕೆಲವರಿಗೆ 18, ಕೆಲವರಿಗೆ 254. ನೀರು ಕುಡಿಯುವುದು ಬೇಗ ರೂಢಿಯಾದರೆ ವ್ಯಾಯಾಮ ತಡ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ರೀಲ್ಸ್‌ನವರು ಹೇಳುವ 21 ದಿನದ ಲೆಕ್ಕ ನಂಬಿ ಎರಡು ಸಲ ನನ್ನನ್ನೇ ಬೈದುಕೊಂಡಿದ್ದೆ! ಹತ್ತನೇ ದಿನ ಮತ್ತೆ ಹೋದೆ, ಖಾಲಿ ರಾಡ್‌ನಿಂದಲೇ.

ಜಿಮ್ ಇರುವ ದಿನ ಅಪ್ಪನೂ ಏಳುತ್ತಾನೆ. ಗಾಯ ಮಾದಿದೆ. ವಾಕಿಂಗ್ ನೆಪದಲ್ಲಿ ಬಸ್ ಸ್ಟ್ಯಾಂಡ್‌ವರೆಗೂ ನಡೆದು ಬಂದು ನನ್ನನ್ನು ಬಸ್ ಹತ್ತಿಸುತ್ತಾನೆ. ‘ಏಳಪ್ಪ, ಬಸ್ ತಪ್ಪತೈತಿ’ ಎಂದು ಅವನು ಕೂಗಿದ ಮೇಲೆ ಮುಸುಕು ಎಳೆದುಕೊಳ್ಳುವುದಾದರೂ ಹೇಗೆ?

ಒಂದು ಭಾನುವಾರ ಇಬ್ಬರೂ ನಮ್ಮೂರಿನ ಅಶೋಕನ ಶಾಸನದವರೆಗೆ ನಡೆದೆವು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದದ್ದು, ಅಶೋಕ ಎಂಬ ಹೆಸರೇ ಅದರಲ್ಲಿದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಒಳಗೇನಿದೆ ಎಂದು ನಾನು ತಿಳಿದುಕೊಂಡದ್ದು ಈಚೆಗೆ. ಇದು ದೊಡ್ಡವರಿಗಷ್ಟೇ ಸಾಧ್ಯ ಎನ್ನಬೇಡಿ, ಸಣ್ಣವರಿಗೂ ಆಗುತ್ತದೆ. ಹೀಗೇ ನಡೆದರೆ ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಅವನು ಹೇಳಿದ್ದು ಧರ್ಮದ ವಿಷಯ, ಜಿಮ್ ವಿಷಯ ಅಲ್ಲ ಬಿಡಿ.

ಹೋದ ವಾರ ಅಣ್ಣ ರಾಡ್‌ನ ಎರಡೂ ಬದಿಗೆ ಐದೈದು ಕೆ.ಜಿ. ಹಾಕಿದ. ತಲೆ ಮೇಲೆ ಎಂಟು ಸಲ ಎತ್ತಿದೆ. 20 ಇದ್ದದ್ದು 30, ಸರಿಯಾಗಿ ಒಂದೂವರೆ ಪಟ್ಟು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಂಗಡಿಯ ಹಮಾಲರಿಗೆ ಇನ್ನೂ ಹೇಳಿಲ್ಲ.