ಗೂಡಿನಿಂದ ದೂರ ನಿಲ್ಲೋಣ

ಚೈತ್ರದ ಹೊತ್ತಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹಿತ್ತಲುಗಳಲ್ಲಿ ಬೇವು, ಹೊಂಗೆ ಹೂಬಿಡುತ್ತವೆ. ಸೂರಕ್ಕಿ ಜೇಡರಬಲೆಯ ಎಳೆಗಳಿಂದ ತೂಗುಗೂಡು ಹೆಣೆಯುತ್ತದೆ. ಸಿಂಪಿಗ ಎಲೆಗಳನ್ನು ಹೊಲಿಯುತ್ತದೆ. ನಿವೃತ್ತಿಯ ನಂತರ ಕ್ಯಾಮೆರಾ ಹಿಡಿದ ನನ್ನಂಥವರಿಗೆ ಇದಕ್ಕಿಂತ ಅಗ್ಗದ ಸುಖ ಇನ್ನೊಂದಿಲ್ಲ.

ಆದರೆ ಈ ಸುಖದ ವೆಚ್ಚವನ್ನು ಹಕ್ಕಿಗಳು ತೆರುವಂತಾಗಬಾರದು. ಚಿತ್ರ ಸ್ಪಷ್ಟವಾಗಲೆಂದು ಗೂಡಿನ ಮುಂದಿನ ಎಲೆಗಳನ್ನು ಸವರಿದರೆ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತವೆ. ನಾವು ಹತ್ತಿರ ನಿಂತಷ್ಟು ಹೊತ್ತು ತಾಯಿಹಕ್ಕಿ ಗುಟುಕು ತರಲು ಅಂಜುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ತನ್ನ ಪಟ್ಟಿಯಲ್ಲಿರುವ ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ಭಂಗ ತರುವುದನ್ನೂ ‘ಬೇಟೆ’ಯ ವ್ಯಾಖ್ಯೆಯೊಳಗೆ ಸೇರಿಸಿದೆ.

ಹಾಗೆಂದು ಕ್ಯಾಮೆರಾವನ್ನು ಬದಿಗಿಡಬೇಕಿಲ್ಲ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಎರೆಭೂತವೆಂಬ ದೊಡ್ಡ ಹಕ್ಕಿಯಿತ್ತು. ನೀಲಗಿರಿ ನೆಡುತೋಪುಗಳು ಹಬ್ಬಿ ಬಯಲು ಕುಗ್ಗಿತು. ಇಂದು ಆ ಹಕ್ಕಿ ಅಲ್ಲಿಲ್ಲ. ಅದು ಅಲ್ಲಿತ್ತೆಂದು ನಾವು ಬಲ್ಲುದು, ಕಂಡವರು ಬರೆದಿಟ್ಟುದರಿಂದಲೇ. ಗುಬ್ಬಿ, ಗೊರವಂಕಗಳಿಗೂ ಅಂಥ ಲೆಕ್ಕ ಬೇಕು. ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಗಣತಿಯಲ್ಲಿ ಭಾರತೀಯರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ಅದಕ್ಕೆ ಹದಿನೈದು ನಿಮಿಷದ ವೀಕ್ಷಣೆ ಸಾಕು.

ದೂರದಿಂದ ತೆಗೆದ ಮಸುಕು ಚಿತ್ರವೂ ದಿನಾಂಕ, ಸ್ಥಳಗಳೊಡನೆ ದಾಖಲೆಯಾಗುತ್ತದೆ. ಮರಿಗಳು ಹಾರಿಹೋಗುವವರೆಗೆ ಗೂಡಿನ ತಂಟೆಗೆ ಹೋಗದೆ, ನೆರಳಿನಲ್ಲೊಂದು ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ದೂರ ಕುಳಿತರಾಯಿತು. ಬಾಯಾರಿದ ಹಕ್ಕಿಗಳು ತಾವಾಗಿಯೇ ಬರುತ್ತವೆ.