ದುಡ್ಡು ಕೊಡಬೇಡಿ, ಹಾಡೋಕೆ ಬಿಡಿ

ಬೆಂಗಳೂರಲ್ಲಿ ಯಾರಿಗಾದರೂ ‘ನಮ್ಮೂರು ಸೋಗಾನೆ ಹತ್ತಿರ’ ಅಂದರೆ ಈಗ ತಕ್ಷಣ ಬರೋ ಪ್ರಶ್ನೆ, ‘ಓ, ಏರ್‌ಪೋರ್ಟ್ ಇರೋ ಜಾಗಾನಾ?’ 2023ರ ಫೆಬ್ರವರಿ 27ರಂದು ಆ ವಿಮಾನ ನಿಲ್ದಾಣ ಉದ್ಘಾಟನೆ ಆಗೋಕೆ ಮುಂಚೆ ಸೋಗಾನೆ ಅಂದರೆ ಜೈಲು. ಶಿವಮೊಗ್ಗದ ಕೇಂದ್ರ ಕಾರಾಗೃಹ ಇರೋದು ಅಲ್ಲೇ. ನಮ್ಮ ಮನೆಯಲ್ಲಂತೂ ಆ ಹೆಸರು ಕೇಳಿದರೆ ಇವತ್ತಿಗೂ ಅಪ್ಪನ ಮುಖ ಗಂಟಿಕ್ಕುತ್ತೆ. ದೊಡ್ಡಪ್ಪನ ವಿಷಯ ಬಯಲಾದ ದಿನ ದೇವಸ್ಥಾನದ ಕಮಿಟಿಯವರೊಬ್ಬರು ನಮ್ಮ ಜಗಲಿ ಮೇಲೆ ಕೂತು, ‘ಕಂಪ್ಲೇಂಟ್ ಕೊಟ್ಟರೆ ನಿಮ್ಮಣ್ಣ ಸೋಗಾನೆಗೇ ಹೋಗ್ಬೇಕಾಗತ್ತೆ ನೋಡಿ’ ಅಂದಿದ್ದರು.

ದೊಡ್ಡಪ್ಪ ಭಜನಾ ಮಂಡಳಿಯ ಖಜಾಂಚಿ. ಜಾತ್ರೆಗೆ ಅಂತ ಮನೆಮನೆ ತಿರುಗಿ ಕೂಡಿಸಿದ್ದ ದುಡ್ಡನ್ನು ಓಸಿ ಆಡಿ ಕಳೆದಿದ್ದರು. ಒಂದೇ ಸಲಕ್ಕಲ್ಲ. ಐನೂರು ತೆಗೆದು, ಗೆದ್ದರೆ ವಾಪಸ್ ಇಡ್ತೀನಿ ಅಂತ ಶುರುವಾಗಿದ್ದು. ಅಪ್ಪ ಅಮ್ಮನ ಎರಡು ಬಳೆ ಅಡವಿಟ್ಟು ಕಮಿಟಿಯ ಲೆಕ್ಕ ಚುಕ್ತಾ ಮಾಡಿದರು. ಕಂಪ್ಲೇಂಟ್ ತಪ್ಪಿತು. ಆದರೆ ಅವತ್ತಿಂದ ದೊಡ್ಡಪ್ಪ ಭಜನೆಗೆ ಕೂರೋ ಹಾಗಿಲ್ಲ. ಶನಿವಾರ ಎಲ್ಲರೂ ಒಳಗೆ ಹಾಡ್ತಿದ್ದರೆ ಅವರು ಹೊರಗೆ ಚಪ್ಪಲಿ ಬಿಡೋ ಜಾಗದಲ್ಲಿ ನಿಂತು ಕೇಳಿ ಹೋಗೋರು.

ನನಗೆ ಸರಳೆ, ಜಂಟಿವರಸೆ ಹೇಳಿಕೊಟ್ಟಿದ್ದು ಇದೇ ಮನುಷ್ಯ. ಮಾಯಾಮಾಳವಗೌಳದ ಸ್ವರಗಳನ್ನು ಹಾರ್ಮೋನಿಯಂ ಮೇಲೆ ನನ್ನ ಬೆರಳು ಹಿಡಿದು ತೋರಿಸಿದ್ದರು. ಈ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಗೀತ ಕಲಿತವರಿಗೆಲ್ಲ ಗೊತ್ತು. ಅವರು ನಮ್ಮ ಜಿಲ್ಲೆಯವರೇ, ತೀರ್ಥಹಳ್ಳಿ ಕಡೆಯ ಆರಗದವರು ಅನ್ನೋ ವಾದವೂ ಇದೆ; ಪುಣೆ ಹತ್ತಿರದ ಪುರಂದರಗಡ ಅನ್ನೋರೂ ಇದ್ದಾರೆ. ಊರು ಯಾವುದಾದರೂ ಇರಲಿ, ಕತೆ ಒಂದೇ. ಶ್ರೀನಿವಾಸ ನಾಯಕ ಅನ್ನೋ ಲೇವಾದೇವಿಗಾರ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಬೇಡಿ ಬಂದ ಬಡ ಬ್ರಾಹ್ಮಣನಿಗೆ ಹೆಂಡತಿ ಕೊಟ್ಟ ಮೂಗುತಿ ತಿರುಗಿ ಇವನ ಅಂಗಡಿಗೇ ಅಡವಿಗೆ ಬರುತ್ತೆ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಮನೆಗೆ ಓಡಿದರೆ ಅದೇ ಮೂಗುತಿ ಹೆಂಡತಿಯ ಕೈಯಲ್ಲಿ. ಆಸ್ತಿಯೆಲ್ಲ ದಾನ ಮಾಡಿ, ವ್ಯಾಸರಾಯರ ಹತ್ತಿರ ಹೋಗಿ ದಾಸನಾದ.

ಚಿಕ್ಕವನಿದ್ದಾಗ ಈ ಕತೆಯಲ್ಲಿ ನನಗೆ ಇಷ್ಟವಾಗಿದ್ದು ಮೂಗುತಿಯ ಪವಾಡ. ಈಗ ಬೇರೆ ಒಂದು ವಿಷಯ ಕಾಣುತ್ತೆ. ದಾಸರಾದ ಮೇಲೂ ಅವರೊಳಗಿನ ವ್ಯಾಪಾರಿ ಎಲ್ಲೂ ಹೋಗಲಿಲ್ಲ. ಹರಿನಾಮವನ್ನೇ ಸರಕು ಮಾಡಿ, ಕೊಳ್ಳೋರನ್ನು ಕರೆದು ಹಾಡು ಕಟ್ಟಿದರು. ದೇವರು ಆ ನಾಲಿಗೆಯನ್ನು ಕಿತ್ತುಹಾಕಿ ಹೊಸದೊಂದು ಕೊಡಲಿಲ್ಲ. ಹನ್ನೆರಡನೇ ಶತಮಾನದ ಉರಿಲಿಂಗಪೆದ್ದಿಯ ಕತೆಯೂ ಹೀಗೇ. ಕಳ್ಳತನಕ್ಕೆ ಅಂತ ಬಂದು, ಕತ್ತಲಲ್ಲಿ ಅಡಗಿ ಕೂತು, ಒಳಗೆ ಗುರು ದೀಕ್ಷೆ ಕೊಡೋದನ್ನು ನೋಡಿದ. ಅವನನ್ನು ಆ ಮನೆಗೆ ಕರೆತಂದಿದ್ದೇ ಕಳ್ಳತನ. ಮುಂದೆ ಆ ಗುರುವಿನ ಮಠಕ್ಕೇ ಒಡೆಯನಾದ, ಮುನ್ನೂರಕ್ಕೂ ಹೆಚ್ಚು ವಚನ ಬರೆದ.

ಸರಿ, ಅವರೆಲ್ಲ ದೊಡ್ಡವರು. ದಾಸರು ದಾನ ಮಾಡಿದ್ದು ಸ್ವಂತ ದುಡ್ಡು, ನಮ್ಮ ದೊಡ್ಡಪ್ಪ ಕಳೆದಿದ್ದು ಊರಿನ ದುಡ್ಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋ ಧೈರ್ಯ ನನಗಿಲ್ಲ. ಆದರೆ ನನ್ನದೂ ಒಂದು ಲೆಕ್ಕ ಇದೆ.

ಎರಡು ವರ್ಷದ ಹಿಂದೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಆಗ ನಾನು ಫೋನಿನಲ್ಲಿ ರಮ್ಮಿ ಆಡಿ ಒಂದು ಲಕ್ಷದ ಹತ್ತಿರ ಕಳೆದಿದ್ದೆ. ಅದನ್ನು ತುಂಬೋಕೆ ಲೋನ್ ಆ್ಯಪ್, ಆ ಲೋನ್ ತೀರಿಸೋಕೆ ಇನ್ನೊಂದು ಆ್ಯಪ್. ಅಪ್ಪ ಅಮ್ಮನಿಗೆ ಸುಳಿವಿಲ್ಲ, ರೂಂಮೇಟಿಗೂ ಗೊತ್ತಿಲ್ಲ. ಊಟ ಆದ ಮೇಲೆ ಹಿತ್ತಲಲ್ಲಿ ದೊಡ್ಡಪ್ಪ ಪಕ್ಕ ಬಂದು ಕೂತರು. ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು ಮೆಲ್ಲಗೆ ಕೇಳಿದರು, ‘ಎಷ್ಟು ಹೋಯ್ತೋ?’

‘ಏನು ದೊಡ್ಡಪ್ಪ?’

‘ಬೆಳಿಗ್ಗೆಯಿಂದ ನೋಡ್ತಿದೀನಿ. ಫೋನ್ ಕವುಚಿ ಇಡ್ತೀಯ. ಊಟದ ಮಧ್ಯ ಎದ್ದು ಹೋಗ್ತೀಯ. ಬರುವಾಗ ನಗ್ತಾ ಬರ್ತೀಯ, ಕಣ್ಣು ಮಾತ್ರ ನಗಲ್ಲ. ನಾನೂ ಹಂಗೇ ಬರ್ತಿದ್ದೆ.’

ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ವಾಪಸ್ ಗೆಲ್ತೀನಿ ಅಂತ ಅನ್ನಿಸತ್ತಲ್ಲ, ಅದೇ ರೋಗ. ಇವತ್ತೇ ನಿಮ್ಮಪ್ಪಂಗೆ ಹೇಳು. ನಾನು ಹೇಳದೆ ಒಂದು ವರ್ಷ ತಳ್ಳಿದೆ, ಅದಕ್ಕೇ ನಿಮ್ಮಮ್ಮನ ಬಳೆ ಹೋಯ್ತು’ ಅಂದರು. ಅವತ್ತೇ ರಾತ್ರಿ ಅಪ್ಪನಿಗೆ ಹೇಳಿದೆ. ಹೇಳುವಾಗ ದೊಡ್ಡಪ್ಪ ಬಾಗಿಲ ಹತ್ತಿರ ನಿಂತಿದ್ದರು. ಕಂತು ಮೊನ್ನೆ ಮಾರ್ಚಿಗೆ ತೀರಿತು.

ಒಳ್ಳೆಯವರು ಅನ್ನಿಸಿಕೊಂಡವರು ಅವತ್ತು ಮನೆ ತುಂಬ ಇದ್ದರು. ಯಾರಿಗೂ ಕಾಣಲಿಲ್ಲ. ಜೂಜಾಡಿ ಕೆಟ್ಟ ಕಣ್ಣಿಗೇ ನಾನು ಕಂಡೆ. ಇದನ್ನು ದೇವರ ಕೆಲಸ ಅನ್ನಲೋ ಬೇಡವೋ, ಓದೋರಿಗೆ ಬಿಟ್ಟಿದ್ದು. ನನಗಂತೂ ಬೇರೆ ಹೆಸರು ಸಿಗಲಿಲ್ಲ. ಹಾಗಂತ ಅವರು ಮಾಡಿದ್ದು ಸರಿಯಾಗಲ್ಲ. ಅಮ್ಮನ ಕೈ ಇವತ್ತಿಗೂ ಗಾಜಿನ ಬಳೆಯಲ್ಲೇ ಇದೆ. ಅದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತೆ, ಈಗ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಹೋದ ಶ್ರಾವಣದಲ್ಲಿ ನಾನೇ ಕಮಿಟಿಯವರ ಹತ್ತಿರ ಹೋಗಿ ನನ್ನ ಕತೆ ಹೇಳಿ, ಅವರನ್ನು ಭಜನೆಗೆ ಕೂರಿಸಿಕೊಳ್ಳಿ ಅಂತ ಕೇಳಿದೆ. ಅಪ್ಪ ಬರಲಿಲ್ಲ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ನಿಂತಿದ್ದ ದೊಡ್ಡಪ್ಪನೇ ಬಾಯಿಬಿಟ್ಟರು: ‘ನನ್ನ ಕೈಗೆ ದುಡ್ಡು ಕೊಡಬೇಡಿ. ಹಾಡೋಕೆ ಬಿಡಿ, ಸಾಕು.’

ಆ ಶನಿವಾರ ಅವರು ಕೊನೇ ಸಾಲಿನಲ್ಲಿ ಕೂತರು. ಗಂಟಲು ಮೊದಲಿನ ಹಾಗಿಲ್ಲ, ಮೇಲಿನ ಷಡ್ಜಕ್ಕೆ ಹೋಗುವಾಗ ಒಡೆಯಿತು. ಮಂಗಳಾರತಿ ಆಗಿ ತಟ್ಟೆ ಬಂತು, ಅದರ ತುಂಬ ಹತ್ತು ಇಪ್ಪತ್ತರ ನೋಟು. ದೊಡ್ಡಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಲೆಯನ್ನಷ್ಟೇ ಬಗ್ಗಿಸಿದರು. ಪಕ್ಕದ ಹುಡುಗ ತಟ್ಟೆ ತಗೊಂಡು ಮುಂದೆ ದಾಟಿಸಿದ.