ತಲೆ ನೋಡಿ ಕುಲ ಹೇಳಲಾಗದ ಹುಳು

ಮಳೆಗಾಲದಲ್ಲಿ ಹೂಕುಂಡ ಎತ್ತಿದಾಗ, ಕೊಳೆತ ಮರದ ತುಂಡು ಹೊರಳಿಸಿದಾಗ ಒಮ್ಮೊಮ್ಮೆ ಕಾಣುವ ಅಂಟಂಟು, ಗೆರೆಗೆರೆಯ ಉದ್ದ ಹುಳುವನ್ನು ಜಿಗಣೆ ಎಂದು ತಿಳಿಯುವವರೇ ಹೆಚ್ಚು. ಅದರ ತಲೆ ಅರ್ಧಚಂದ್ರದಂತೆ ಎರಡೂ ಬದಿಗೆ ಅಗಲವಾಗಿ ಚಾಚಿದ್ದರೆ ಅದು ಜಿಗಣೆಯಲ್ಲ, ನೆಲದ ಮೇಲೆ ಬದುಕುವ ಚಪ್ಪಟೆ ಹುಳು. ಅಮೆರಿಕದ ಪ್ರಾಣಿವಿಜ್ಞಾನಿ ವಿಲಿಯಂ ಸ್ಟಿಂಪ್ಸನ್ 1857ರಲ್ಲಿ ಇಂಥ ಹುಳುಗಳಿಗಾಗಿ ಬೈಪೇಲಿಯಂ ಎಂಬ ಕುಲವನ್ನು ಸ್ಥಾಪಿಸಿದರು. ಇಷ್ಟು ಎದ್ದು ಕಾಣುವ ತಲೆಯಿರುವಾಗ ಬೇರೆ ಗುರುತು ಏಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ತಲೆ ಒಂದು ದೊಡ್ಡ ಬಳಗದ ಗುರುತು ಮಾತ್ರ. ಕುಲ ತಿಳಿಯಬೇಕಾದರೆ ಹುಳುವಿನ ಒಳಗನ್ನೇ ನೋಡಬೇಕು, ಅದರಲ್ಲೂ ಸಂತಾನಾಂಗಗಳ ಜೋಡಣೆಯನ್ನು.

ಇದಕ್ಕೆ ಕಾರಣ ಈ ಪ್ರಾಣಿಯ ಮೈಯಲ್ಲೇ ಇದೆ. ಇದಕ್ಕೆ ಮೂಳೆಯಿಲ್ಲ, ಚಿಪ್ಪಿಲ್ಲ, ರಕ್ತನಾಳವಿಲ್ಲ, ಶ್ವಾಸಾಂಗವೂ ಇಲ್ಲ, ಉಸಿರಾಟ ಚರ್ಮದಿಂದಲೇ. ಬಾಯಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ಮಧ್ಯಭಾಗದಲ್ಲಿ. ಅಲ್ಲಿಂದ ಸ್ನಾಯುವಿನ ಗಂಟಲ ಕೊಳವೆ ಹೊರಚಾಚಿ ಬೇಟೆಯನ್ನು ಕರಗಿಸಿ ಹೀರುತ್ತದೆ. ಕರುಳಿಗೆ ಮೂರು ಕವಲು: ಒಂದು ಮುಂದಕ್ಕೆ, ಎರಡು ಹಿಂದಕ್ಕೆ. ಗುದದ್ವಾರವಿಲ್ಲದ್ದರಿಂದ ಕಸವೂ ಬಾಯಿಯಿಂದಲೇ ಹೊರಬೀಳುತ್ತದೆ. ಈ ವ್ಯವಸ್ಥೆ ಇಡೀ ಬಳಗದಲ್ಲಿ ಹೆಚ್ಚುಕಡಿಮೆ ಒಂದೇ. ಮೈ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ಪಿರಿಟ್‌ನಲ್ಲಿಟ್ಟರೆ ಬಣ್ಣ ಮಾಸುತ್ತದೆ, ತಲೆ ಮುದುಡುತ್ತದೆ. ಹೊರಗಿನ ಗುರುತುಗಳು ಹೀಗೆ ಕೈಕೊಡುವಾಗ ಕುಲದಿಂದ ಕುಲಕ್ಕೆ ಖಚಿತವಾಗಿ ಬೇರೆಯಾಗುವುದು ಸಂತಾನಾಂಗವೊಂದೇ. ಹುಳು ದ್ವಿಲಿಂಗಿ, ಗಂಡು, ಹೆಣ್ಣು ಎರಡೂ ಅಂಗಗಳು ಒಂದೇ ಮೈಯಲ್ಲಿರುತ್ತವೆ. ಅವನ್ನು ನೋಡಲು ಹುಳುವಿನ ತುಂಡನ್ನು ಮೇಣದಲ್ಲಿ ಹುದುಗಿಸಿ, ಅತಿ ತೆಳುವಾದ ಪದರಗಳಾಗಿ ಕತ್ತರಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಿ, ಇಡೀ ಅಂಗದ ಆಕಾರವನ್ನು ಮತ್ತೆ ಕಟ್ಟಬೇಕು. ಹೀಗೆ ನೋಡಿದಾಗ ಸ್ಟಿಂಪ್ಸನ್ನರ ಒಂದು ಕುಲ ಹಲವು ಕುಲಗಳಾಗಿ ಒಡೆಯಿತು. ಬೈಪೇಲಿಯಂನಲ್ಲಿ ಚೆನ್ನಾಗಿ ಬೆಳೆದ ಶಿಶ್ನವಿದೆ. ನೋವಿಬೈಪೇಲಿಯಂನಲ್ಲಿ ಅದು ಇಲ್ಲ ಅಥವಾ ತೀರ ಕಿರಿದು. ಆ ಕೆಲಸವನ್ನು ಜನನಾಂಗದ ಒಳಕುಹರದ ಮಡಿಕೆಗಳು ಮಾಡುತ್ತವೆ. ಹಂಬರ್ಟಿಯಂನಲ್ಲಿ ಅಂಡನಾಳಗಳು ಹೆಣ್ಣು ಅಂಗವನ್ನು ಸೇರುವ ದಿಕ್ಕೇ ಬೇರೆ. ಒಳರಚನೆ ತಿಳಿಯದ ಪ್ರಭೇದಗಳಿಗಾಗಿ 2002ರಲ್ಲಿ ಡೈವರ್ಸಿಬೈಪೇಲಿಯಂ ಎಂಬ ತಾತ್ಕಾಲಿಕ ಕುಲವನ್ನು ರಚಿಸಿದರು. ತಿಳಿಯದ್ದನ್ನು ತಿಳಿದಂತೆ ಬರೆಯದೆ ಪ್ರತ್ಯೇಕವಾಗಿಟ್ಟ ಈ ಕ್ರಮ ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ಇದು ಬರಿಯ ಕೂದಲು ಸೀಳುವ ಕೆಲಸ, ತೋಟದವನಿಗೆ ಇದರಿಂದೇನು ಎಂಬ ಆಕ್ಷೇಪ ಸಹಜ. ಈ ಹುಳುಗಳು ಗಿಡದ ಬೇರಿನ ಮಣ್ಣಿನಲ್ಲಿ ದೇಶದಿಂದ ದೇಶಕ್ಕೆ ಸಾಗುತ್ತವೆ ಎಂಬುದನ್ನು ಮರೆತರೆ ಮಾತ್ರ ಈ ಆಕ್ಷೇಪ ನಿಲ್ಲುತ್ತದೆ. ಬೈಪೇಲಿಯಂ ಕ್ಯೂವೆನ್ಸೆ ಎಂಬ ಪ್ರಭೇದವನ್ನು ಪ್ರಾಣಿವಿಜ್ಞಾನಿ ಮೋಸ್ಲಿ 1878ರಲ್ಲಿ ವರ್ಣಿಸಿದ್ದು ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲಿ ಸಿಕ್ಕ ಹುಳುವಿನಿಂದ. ಅದರ ತವರು ಆಗ್ನೇಯ ಏಷ್ಯಾ ಎಂದು ಭಾವಿಸಲಾಗಿದೆ. ಯುರೋಪಿನಲ್ಲಿ ಹರಡಿದ ಒಬಾಮಾ ಎಂಬ ಇನ್ನೊಂದು ಕುಲದ ಹುಳುವಿಗೆ (ಟುಪಿ ಭಾಷೆಯ ಹೆಸರಿದು, ಅಮೆರಿಕದ ಅಧ್ಯಕ್ಷರದ್ದಲ್ಲ) ಮೊದಲು ಮಾರ್ಮೊರಾಟಾ ಎಂಬ ತಪ್ಪು ಹೆಸರು ಅಂಟಿಕೊಂಡಿತ್ತು. ಅದು ನುಂಗಾರಾ ಎಂಬ ಬೇರೆಯೇ ಪ್ರಭೇದ ಎಂದು 2016ರಲ್ಲಿ ಒಳರಚನೆ ಮತ್ತು ಡಿಎನ್‌ಎ ಎರಡನ್ನೂ ಜೊತೆಗಿಟ್ಟು ತೋರಿಸಿದ ಮೇಲೆ, ಅದು ಅರ್ಜೆಂಟೀನಾದಿಂದ ಬಂದ ಜಾಡು ಸಿಕ್ಕಿತು. ಆಹಾರದ ವಿಷಯವೂ ಹಾಗೆಯೇ. ಕ್ಯೂವೆನ್ಸೆ ಎರೆಹುಳು ತಿನ್ನುತ್ತದೆ. 2022ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ಹುಳುಗಳಿಂದ ವರ್ಣಿಸಿದ ಹಂಬರ್ಟಿಯಂ ಕೋವಿಡಂನ ಕರುಳಿನಲ್ಲಿ ಸಿಕ್ಕಿದ್ದು ಬಸವನಹುಳುಗಳ ಡಿಎನ್‌ಎ. ತಲೆ ನೋಡಿ ಎರಡನ್ನೂ ಒಂದೇ ಎಂದವರಿಗೆ ಯಾವ ಜೀವಿಗೆ ಅಪಾಯ ಎಂಬುದೂ ತಿಳಿಯದು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು: ಡಿಎನ್‌ಎ ಓದಲು ಬರುವಾಗ ಮೇಣ, ಕತ್ತರಿ ಯಾಕೆ? ಕ್ಯೂವೆನ್ಸೆಯಂಥ ಹುಳುಗಳು ತಂಪು ದೇಶಗಳಲ್ಲಿ ಸಂತಾನಾಂಗ ಬೆಳೆಸುವುದೇ ಅಪರೂಪ. ಬಾಲದ ತುಂಡು ಕಳಚಿ ಹೊಸ ಹುಳುವಾಗುತ್ತದೆ. ಅಲ್ಲಿ ಡಿಎನ್‌ಎ ಅನಿವಾರ್ಯ, ಒಪ್ಪೋಣ. ಆದರೆ ಡಿಎನ್‌ಎಯಲ್ಲಿ ಕಂಡ ಅಂತರವನ್ನು ಯಾವ ಹೆಸರಿಗೆ ಜೋಡಿಸಬೇಕು ಎಂಬುದು, ಆ ಹೆಸರಿನ ಮೂಲ ಮಾದರಿ ಯಾವುದು, ಅದರ ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಕೋವಿಡಂ ಜೊತೆಗೇ ಪ್ರಕಟವಾದ ಮೇಯೊಟ್ ದ್ವೀಪದ ನೀಲಿ-ಹಸಿರು ಹೊಳಪಿನ ಹುಳುವಿನ ಡಿಎನ್‌ಎ ಓದಲಾಗಿದೆ. ಅದು ಬಳಗದ ಉಳಿದವರಿಂದ ಬಹು ಹಿಂದೆಯೇ ಕವಲೊಡೆದದ್ದೂ ಕಂಡಿದೆ. ಸಂತಾನಾಂಗದ ರಚನೆ ಮಾತ್ರ ಸಿಗಲಿಲ್ಲ. ಹಾಗಾಗಿ ಅದನ್ನು ಡೈವರ್ಸಿಬೈಪೇಲಿಯಂ ಎಂಬ ತಾತ್ಕಾಲಿಕ ಕುಲದಲ್ಲೇ ಇಟ್ಟರು.